ವೈ-ಫೈ ಕಡಿದುಹೋದದ್ದು ಸ್ಕ್ರೀನ್ ರೀಡರ್‌ಗೆ ಏಕೆ ಗೊತ್ತಾಗುವುದಿಲ್ಲ?

ಪ್ರಶ್ನೆ: ನನಗೆ ದೃಷ್ಟಿಯಿಲ್ಲ. ವಿಂಡೋಸ್ 11 ಇರುವ ಲ್ಯಾಪ್‌ಟಾಪಿನಲ್ಲಿ ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ಕಳೆದ ವಾರ ಆನ್‌ಲೈನ್ ಅರ್ಜಿಯೊಂದನ್ನು ಮುಕ್ಕಾಲು ಗಂಟೆ ಕೂತು ತುಂಬಿಸಿ ‘ಸಲ್ಲಿಸು’ ಗುಂಡಿ ಒತ್ತಿದೆ. ಏನೂ ಕೇಳಿಸಲಿಲ್ಲ. ಮತ್ತೆ ಮತ್ತೆ ಒತ್ತಿದೆ. ಕೊನೆಗೆ ತಂಗಿ ಬಂದು ನೋಡಿ, “ಅಕ್ಕಾ, ವೈ-ಫೈ ಹೋಗಿ ಎಷ್ಟೋ ಹೊತ್ತಾಗಿದೆ, ಮೇಲೆ ಕೆಂಪು ಪಟ್ಟಿ ಬಂದಿದೆಯಲ್ಲ” ಎಂದಳು. ಸಂಪರ್ಕ ಇದೆಯೋ ಇಲ್ಲವೋ ಎಂಬುದನ್ನು ಯಾರನ್ನೂ ಕೇಳದೆ ತಿಳಿದುಕೊಳ್ಳುವ ದಾರಿ ಯಾವುದು? ಇದು ನನ್ನ ಬಳಕೆಯ ತಪ್ಪೋ, ತಂತ್ರಾಂಶದ ದೋಷವೋ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ತಪ್ಪು ನಿಮ್ಮದಲ್ಲ. ನೀವು ಬರೆದ ಘಟನೆಯಲ್ಲಿ ಎರಡು ಬೇರೆ ಬೇರೆ ಲೋಪಗಳು ಒಂದರ ಮೇಲೊಂದು ಬಿದ್ದಿವೆ. ಸಂಪರ್ಕ ಕಡಿದಾಗ ವಿಂಡೋಸ್ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆ ಜಾಲತಾಣ ಹೇಳಿತಾದರೂ ಕಣ್ಣಿಗೆ ಮಾತ್ರ ಹೇಳಿತು. ಮೊದಲನೆಯದಕ್ಕೆ ನೀವೇ ಮಾಡಿಕೊಳ್ಳಬಹುದಾದ ಉಪಾಯಗಳಿವೆ. ಎರಡನೆಯದನ್ನು ತಾಣ ಕಟ್ಟಿದವರೇ ಸರಿಪಡಿಸಬೇಕು; ಅವರಿಗೆ ಏನೆಂದು ಬರೆಯಬೇಕು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಕಣ್ಣು ಕಾಣುವವರು ವೈ-ಫೈ ಸ್ಥಿತಿಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಪರದೆಯ ಮೂಲೆಯಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಂಡ ಕಮಾನುಗಳ ಚಿತ್ರವೊಂದು ಸದಾ ಇರುತ್ತದೆ. ಸಂಪರ್ಕ ತಪ್ಪಿ ಅದು ಗೋಳದ ಚಿತ್ರವಾಗಿ ಬದಲಾದ ಕೂಡಲೇ, ಕೆಲಸದ ನಡುವೆಯೂ ಕಣ್ಣಂಚಿಗೆ ತಾನಾಗಿ ಬೀಳುತ್ತದೆ. ಸ್ಕ್ರೀನ್ ರೀಡರ್‌ಗೆ ಕಣ್ಣಂಚು ಎಂಬುದಿಲ್ಲ. ಅದು ಫೋಕಸ್, ಅಂದರೆ ಕೀಲಿ ಒತ್ತಿದರೆ ಸದ್ಯ ತಾಗುವ ಜಾಗ, ಎಲ್ಲಿದೆಯೋ ಅಲ್ಲಿಯದನ್ನು ಓದುತ್ತದೆ. ಬೇರೆಡೆ ಏನಾದರೂ ಬದಲಾದರೆ, ‘ಇಲ್ಲಿ ಬದಲಾಗಿದೆ, ಓದು’ ಎಂದು ಯಾರಾದರೂ ಅದಕ್ಕೆ ಸೂಚನೆ ಕೊಟ್ಟರೆ ಮಾತ್ರ ಓದುತ್ತದೆ. ಸೂಚನೆ ಬಾರದಿದ್ದರೆ ನಿಮಗೆ ಸಿಗುವುದು ಮೌನ. ಪುಟ ಇನ್ನೂ ಬರುತ್ತಿದೆಯೇ, ಗುಂಡಿ ಒತ್ತಿದ್ದು ತಾಗಲಿಲ್ಲವೇ, ಬ್ರೌಸರ್ ಹೆಪ್ಪುಗಟ್ಟಿತೇ, ಜಾಲವೇ ಹೋಯಿತೇ? ನಾಲ್ಕಕ್ಕೂ ಮೌನ ಒಂದೇ ರೀತಿ ಇರುತ್ತದೆ. ನೀವು ಮತ್ತೆ ಮತ್ತೆ ಗುಂಡಿ ಒತ್ತಿದ್ದು ಅದಕ್ಕೇ. ಸ್ಕ್ರೀನ್ ರೀಡರ್ ಬಳಕೆಯನ್ನು ಕಲಿಸುವ ಕೆಲಸದಲ್ಲಿ ನಾನು ಇಷ್ಟು ವರ್ಷ ಕಂಡಿರುವ ತೊಡಕುಗಳಲ್ಲಿ, ಕಲಿಯುವವರು ತಮ್ಮನ್ನೇ ದೂಷಿಸಿಕೊಳ್ಳುವಂತೆ ಮಾಡುವುದು ಈ ಮೌನದಷ್ಟು ಬೇರೊಂದಿಲ್ಲ.

ಇನ್ನು ಉಪಾಯ. ವಿಂಡೋಸ್ ಕೀಲಿಯನ್ನು ಹಿಡಿದು ಬಿ ಒತ್ತಿದರೆ ಫೋಕಸ್ ಕೆಲಸಪಟ್ಟಿಯ ಬಲತುದಿಯಲ್ಲಿರುವ ಸೂಚನಾ ಪ್ರದೇಶಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಮೊದಲು ಕೇಳಿಸುವುದು ಅಡಗಿಸಿದ ಐಕಾನುಗಳನ್ನು ತೋರಿಸುವ ಗುಂಡಿ. ಬಲಬಾಣದ ಕೀಲಿಯನ್ನು ಕೆಲವು ಸಲ ಒತ್ತುತ್ತಾ ಹೋದರೆ ‘ನೆಟ್‌ವರ್ಕ್’ ಎಂದು ಶುರುವಾಗಿ, ನಿಮ್ಮ ವೈ-ಫೈ ಹೆಸರು ಬಂದು, ‘ಇಂಟರ್ನೆಟ್ ಆಕ್ಸೆಸ್’ ಎಂದು ಮುಗಿಯುವ ಗುಂಡಿ ಸಿಗುತ್ತದೆ. ಸಂಪರ್ಕ ಇಲ್ಲದಾಗ ಕೊನೆಯ ಪದಗಳು ಬದಲಾಗುತ್ತವೆ. ಕೇಳಿಸಿಕೊಂಡು ಎಸ್ಕೇಪ್ ಅಥವಾ ಆಲ್ಟ್-ಟ್ಯಾಬ್ ಒತ್ತಿ ಅರ್ಜಿಗೆ ಮರಳಬಹುದು. ನಾಲ್ಕೈದು ದಿನ ಅಭ್ಯಾಸವಾದರೆ ಮೂರು ಸೆಕೆಂಡಿನ ಕೆಲಸ. ಬರೀ ತಿಳಿಯುವುದಷ್ಟೇ ಅಲ್ಲದೆ ಜಾಲವನ್ನು ಬದಲಿಸಲೂ ಬೇಕಿದ್ದರೆ ವಿಂಡೋಸ್-ಎ ಒತ್ತಿ ತ್ವರಿತ ಸೆಟ್ಟಿಂಗುಗಳನ್ನು ತೆರೆಯಿರಿ. ಅಲ್ಲಿ ವೈ-ಫೈ ಗುಂಡಿಯ ಪಕ್ಕದಲ್ಲೇ ಲಭ್ಯ ಜಾಲಗಳ ಪಟ್ಟಿಗೆ ಹೋಗುವ ಗುಂಡಿಯಿದೆ. ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಬಳಸುವವರಿಗೆ ಇನ್ಸರ್ಟ್-ಎಫ್11 ಒತ್ತಿದರೆ ಸೂಚನಾ ಪ್ರದೇಶದ ಐಕಾನುಗಳೆಲ್ಲ ಒಂದು ಪಟ್ಟಿಯಾಗಿ ಸಿಗುತ್ತವೆ. ಎನ್‌ವಿಡಿಎಗೂ ಇದೇ ಕೆಲಸ ಮಾಡುವ ‘ಸಿಸ್‌ಟ್ರೇ ಲಿಸ್ಟ್’ ಎಂಬ ಉಚಿತ ಆ್ಯಡ್-ಆನ್ ಇದೆ.

ಮ್ಯಾಕ್ ಬಳಸುವ ಓದುಗರಿದ್ದರೆ, ಕಂಟ್ರೋಲ್, ಆಪ್ಷನ್ ಕೀಲಿಗಳನ್ನು ಹಿಡಿದು ಎಂ ಅನ್ನು ಎರಡು ಸಲ ಒತ್ತಿದಾಗ ಅದರ ಸ್ಕ್ರೀನ್ ರೀಡರ್ ಆದ ವಾಯ್ಸ್‌ಓವರ್ ಅವರನ್ನು ಮೇಲಿನ ಸ್ಥಿತಿಪಟ್ಟಿಗೆ ಕರೆದೊಯ್ಯುತ್ತದೆ. ಐಫೋನಿನಲ್ಲಿ ಪರದೆಯ ಮೇಲಂಚನ್ನು ಮುಟ್ಟಿ ಬೆರಳನ್ನು ಪಕ್ಕಕ್ಕೆ ಸರಿಸುತ್ತಾ ಹೋದರೆ ಮೂರರಲ್ಲಿ ಎಷ್ಟು ವೈ-ಫೈ ಗೆರೆಗಳಿವೆ ಎಂದು ಕೇಳಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಅದರ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಚಾಲೂ ಇದ್ದಾಗ ಎರಡು ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಎಳೆದರೆ ಸಾಕು.

ಇಷ್ಟರಲ್ಲಿ ನಿಮಗೊಂದು ಸಂದೇಹ ಬಂದಿರಬಹುದು: ‘ಸಂಪರ್ಕ ಇದೆ ಎಂದು ಕೇಳಿಸಿದರೂ ಪುಟ ಏಕೆ ತೆರೆಯುವುದಿಲ್ಲ?’ ಇದು ಮುಖ್ಯವಾದ ವಿಷಯ. ‘ಸಂಪರ್ಕ’ ಎಂಬ ಒಂದೇ ಪದದ ಕೆಳಗೆ ಹಲವು ಮೆಟ್ಟಿಲುಗಳಿವೆ. ಮೊದಲನೆಯದು ನಿಮ್ಮ ಲ್ಯಾಪ್‌ಟಾಪಿನ ರೇಡಿಯೋ ಮನೆಯ ರೌಟರಿನೊಡನೆ ಮಾತಾಡುತ್ತಿದೆಯೇ ಎಂಬುದು. ಎರಡನೆಯದು ರೌಟರ್ ನಿಮ್ಮ ಯಂತ್ರಕ್ಕೆ ಒಂದು ಜಾಲ ವಿಳಾಸ ಕೊಟ್ಟಿದೆಯೇ ಎಂಬುದು. ಮೂರನೆಯದು ರೌಟರಿನಿಂದ ಆಚೆಗೆ ಹಾದಿ ತೆರೆದಿದೆಯೇ ಎಂಬುದು. ಕಮಾನುಗಳ ಚಿತ್ರದಲ್ಲಿ ಎಷ್ಟು ಗೆರೆ ತುಂಬಿವೆ ಎಂಬುದು ಹೇಳುವುದು ಮೊದಲ ಮೆಟ್ಟಿಲಿನ ಸಂಗತಿಯನ್ನು ಮಾತ್ರ. ರೌಟರಿಗೆ ಹೊರಗಿನಿಂದ ಬರುವ ತಂತಿ ಕಡಿದುಬಿದ್ದಿದ್ದರೂ ಗೆರೆಗಳು ಪೂರ್ತಿ ತುಂಬಿರುತ್ತವೆ, ಏಕೆಂದರೆ ರೌಟರ್ ಪಕ್ಕದ ಕೋಣೆಯಲ್ಲೇ ಆರೋಗ್ಯವಾಗಿದೆ.

ಮೂರನೆಯ ಮೆಟ್ಟಿಲನ್ನು ವಿಂಡೋಸ್ ಹೇಗೆ ಪರೀಕ್ಷಿಸುತ್ತದೆ ಎಂಬುದನ್ನು ತಿಳಿದಿದ್ದರೆ ಅದು ಹೇಳುವ ಮಾತನ್ನು ಎಷ್ಟು ನಂಬಬೇಕೆಂದೂ ತಿಳಿಯುತ್ತದೆ. ಅದು ಮೈಕ್ರೋಸಾಫ್ಟ್‌ನ ನಿಗದಿತ ವಿಳಾಸವೊಂದರಿಂದ ಒಂದು ಪುಟ್ಟ ಪಠ್ಯ ಕಡತವನ್ನು ತರಿಸಿಕೊಳ್ಳುತ್ತದೆ. ಅದರಲ್ಲಿ ‘ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್’ ಎಂಬ ಮೂರು ಪದಗಳಿದ್ದರೆ ಇಂಟರ್ನೆಟ್ ಇದೆ ಎಂದು ತೀರ್ಮಾನಿಸುತ್ತದೆ. ಕಡತ ಬರದಿದ್ದರೆ ‘ನೋ ಇಂಟರ್ನೆಟ್’ ಎನ್ನುತ್ತದೆ. ಕಡತದ ಬದಲು ಬೇರೆ ಯಾವುದೋ ಪುಟ ಬಂದರೆ, ನಡುವೆ ಯಾರೋ ಲಾಗಿನ್ ಪುಟವನ್ನು ಅಡ್ಡ ಇಟ್ಟಿದ್ದಾರೆಂದು ಊಹಿಸುತ್ತದೆ. ವಸತಿಗೃಹಗಳಲ್ಲಿ, ನಿಲ್ದಾಣಗಳಲ್ಲಿ ವೈ-ಫೈಗೆ ಸೇರಿದ ಮೇಲೂ ಏನೂ ತೆರೆಯದಿರುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. ಆಂಡ್ರಾಯ್ಡ್ ಕೂಡ ಹೀಗೆಯೇ ಗೂಗಲ್‌ನ ವಿಳಾಸವೊಂದನ್ನು ಕೇಳಿ, ಏನೂ ತಿರುಳಿಲ್ಲದ 204 ಎಂಬ ಉತ್ತರ ಸಂಖ್ಯೆ ಬರುತ್ತದೆಯೇ ಎಂದು ನೋಡುತ್ತದೆ. ಅಂದರೆ ‘ಇಂಟರ್ನೆಟ್ ಆಕ್ಸೆಸ್’ ಎಂದು ನಿಮ್ಮ ಕಿವಿಗೆ ಬಿದ್ದದ್ದು ಕೆಲವು ಕ್ಷಣಗಳ ಹಿಂದೆ ನಡೆದ ಪರೀಕ್ಷೆಯೊಂದರ ಫಲಿತಾಂಶ. ಈ ಕ್ಷಣಕ್ಕೆ ಅದು ಹಳೆಯದಾಗಿರಬಹುದು. ಸಂಪರ್ಕ ಕಡಿದ ಮೊದಲ ಕೆಲವು ಸೆಕೆಂಡುಗಳಲ್ಲಿ ವಿಂಡೋಸ್-ಬಿ ಒತ್ತಿ ನೋಡಿದವರಿಗೆ ‘ಇದೆ’ ಎಂಬ ಉತ್ತರವೇ ಬರುವುದನ್ನು ನಾನು ಕಂಡಿದ್ದೇನೆ. ಅನುಮಾನವಿದ್ದರೆ ಅರ್ಧ ನಿಮಿಷ ಬಿಟ್ಟು ಇನ್ನೊಮ್ಮೆ ಕೇಳಿ.

ಚಿತ್ರವನ್ನು ಪೂರ್ತಿ ಬದಿಗಿಟ್ಟು ಅಕ್ಷರದಲ್ಲೇ ಎಲ್ಲವನ್ನೂ ಪಡೆಯುವ ದಾರಿಯೊಂದಿದೆ, ನನಗೆ ಇದರ ಮೇಲೆ ವಿಶೇಷ ಒಲವು. ವಿಂಡೋಸ್-ಆರ್ ಒತ್ತಿ, ಸಿ-ಎಂ-ಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ತೆರೆದ ಕಪ್ಪು ಕಿಟಕಿಯಲ್ಲಿ ಮೊದಲು ಎನ್-ಇ-ಟಿ-ಎಸ್-ಎಚ್, ಒಂದು ಸ್ಪೇಸ್, ಡಬ್ಲ್ಯು-ಎಲ್-ಎ-ಎನ್, ಮತ್ತೊಂದು ಸ್ಪೇಸ್, ಆಮೇಲೆ ಇಂಗ್ಲಿಷಿನ ಷೋ, ಸ್ಪೇಸ್, ಇಂಟರ್‌ಫೇಸಸ್ ಎಂಬ ಪದಗಳನ್ನು ಬರೆದು ಎಂಟರ್ ಒತ್ತಿ. ಉತ್ತರ ಸಾಲು ಸಾಲಾಗಿ ಬರುತ್ತದೆ: ಸ್ಥಿತಿ, ಜಾಲದ ಹೆಸರು, ಚಾನೆಲ್, ಪಡೆಯುವ ವೇಗ, ಕಳುಹಿಸುವ ವೇಗ, ಸಿಗ್ನಲ್ ಇಷ್ಟು ಶೇಕಡಾ. ಇದೇ ಆದೇಶದ ಕೊನೆಗೆ ಒಂದು ಲಂಬ ಗೆರೆ ಮತ್ತು ಸಿ-ಎಲ್-ಐ-ಪಿ ಸೇರಿಸಿದರೆ ಉತ್ತರವೆಲ್ಲ ಕ್ಲಿಪ್‌ಬೋರ್ಡಿಗೆ ಹೋಗುತ್ತದೆ. ನೋಟ್‌ಪ್ಯಾಡಿನಲ್ಲಿ ಅಂಟಿಸಿ ಬಾಣದ ಕೀಲಿಗಳಿಂದ ನಿಮ್ಮದೇ ವೇಗದಲ್ಲಿ ಓದಿಕೊಳ್ಳಬಹುದು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈ ಆದೇಶಕ್ಕೆ ಸ್ಥಳ ಮಾಹಿತಿಯ ಅನುಮತಿ ಬೇಕಾಗುತ್ತದೆ. ಅನುಮತಿಯ ಬಗ್ಗೆ ದೂರು ಕೇಳಿಸಿದರೆ ಸೆಟ್ಟಿಂಗುಗಳ ಖಾಸಗಿತನ ವಿಭಾಗದಲ್ಲಿ ಲೊಕೇಶನ್ ಸೇವೆಯನ್ನು ಚಾಲೂ ಮಾಡಿ.

ಆ ಶೇಕಡಾವಾರು ಸಂಖ್ಯೆ ಗೆರೆಗಳ ಚಿತ್ರಕ್ಕಿಂತ ಎಷ್ಟೋ ಉಪಯುಕ್ತ. ಮೈಕ್ರೋಸಾಫ್ಟ್ ತನ್ನ ದಾಖಲೆಯಲ್ಲಿ ಹೇಳಿರುವಂತೆ 0 ಎಂದರೆ ಮೈನಸ್ 100 ಡಿಬಿಎಂ (ಸಿಗ್ನಲ್ ಶಕ್ತಿಯನ್ನು ಡೆಸಿಬಲ್‌ನಲ್ಲಿ ಅಳೆಯುವ ಮಾನ), 100 ಎಂದರೆ ಮೈನಸ್ 50 ಡಿಬಿಎಂ, ನಡುವಿನದು ಸಮ ಹಂತಗಳಲ್ಲಿ. ಹಾಗಾಗಿ ಶೇಕಡಾ 50 ಎಂದು ಕೇಳಿದರೆ ಅದು ಮೈನಸ್ 75ರ ಸುಮಾರು. ಪುಟಗಳು ತೆರೆಯುತ್ತವೆ, ಆದರೆ ವೀಡಿಯೊ ಕರೆ ತೊದಲಬಹುದು. ಪ್ರತಿ 3 ಡೆಸಿಬಲ್ ಇಳಿದಾಗಲೂ ಶಕ್ತಿ ಅರ್ಧವಾಗುತ್ತದೆ ಎಂಬುದನ್ನು ನೆನಪಿಡಿ. ಶೇಕಡಾ 6ರಷ್ಟು ಇಳಿತ, ಅಂದರೆ ಈ 3 ಡೆಸಿಬಲ್, ಕಿವಿಗೆ ಸಣ್ಣದೆನಿಸಿದರೂ ಸಣ್ಣದಲ್ಲ. ಲ್ಯಾಪ್‌ಟಾಪನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಸರಿಸಿ, ಮೇಲುಬಾಣ ಒತ್ತಿ ಹಿಂದಿನ ಆದೇಶವನ್ನು ಮರಳಿ ಕರೆದು, ಮತ್ತೆ ಎಂಟರ್ ಒತ್ತಿ ನೋಡಿ. ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬರು ಹೀಗೆ ಮನೆಯ ಪ್ರತಿ ಮೂಲೆಯ ಸಂಖ್ಯೆಯನ್ನೂ ಬರೆದಿಟ್ಟುಕೊಂಡು, ಸಂದರ್ಶನಕ್ಕೆ ಎಲ್ಲಿ ಕೂರಬೇಕೆಂದು ತೀರ್ಮಾನಿಸಿದ್ದರು. ಕಣ್ಣಿರುವವರು ನಾಲ್ಕು ಗೆರೆ ನೋಡಿ ಸುಮ್ಮನಾಗುವ ಕಡೆ ಅವರ ಕೈಯಲ್ಲಿ ನಿಖರವಾದ ಅಳತೆಯಿತ್ತು.

ಎರಡನೆಯ ಮೆಟ್ಟಿಲು ತಪ್ಪಿದೆಯೇ ಎಂದು ನೋಡಲು ಅದೇ ಕಿಟಕಿಯಲ್ಲಿ ಐಪಿಕಾನ್ಫಿಗ್ ಆದೇಶ ಕೊಡಿ. ವಿಳಾಸ 169.254 ಎಂದು ಆರಂಭವಾಗುತ್ತಿದ್ದರೆ ರೌಟರ್ ವಿಳಾಸ ಕೊಟ್ಟಿಲ್ಲ, ಯಂತ್ರ ತನಗೆ ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ವೈ-ಫೈಯನ್ನು ಆರಿಸಿ ಮತ್ತೆ ಹಚ್ಚುವುದು, ಅದಕ್ಕೂ ಬಗ್ಗದಿದ್ದರೆ ರೌಟರನ್ನು ಮರುಚಾಲನೆ ಮಾಡುವುದು, ಸಾಮಾನ್ಯವಾಗಿ ಇಷ್ಟರಲ್ಲಿ ಸರಿಹೋಗುತ್ತದೆ.

ಒಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಹಲವು ಲ್ಯಾಪ್‌ಟಾಪುಗಳ ಮೇಲಿನ ಸಾಲಿನ ಕೀಲಿಗಳಲ್ಲಿ ಒಂದು ಏರ್‌ಪ್ಲೇನ್ ಮೋಡಿನದು. ಎಫ್7 ಒತ್ತಲು ಹೋದ ಬೆರಳು ಅದಕ್ಕೆ ತಗುಲಿದರೆ ರೇಡಿಯೋ ಪೂರ್ತಿ ಆರಿಹೋಗುತ್ತದೆ. ತರಬೇತಿಗೆ ಬಂದಿದ್ದ ಒಬ್ಬರು ಅರ್ಧ ಗಂಟೆ ಪಾಸ್‌ವರ್ಡ್ ತಪ್ಪಿರಬೇಕೆಂದು ಹೆಣಗಿದರು. ಕೀಲಿಯ ಮೇಲಿನ ಸಣ್ಣ ದೀಪ ಮಾತ್ರ ನಿಜವನ್ನು ಹೇಳುತ್ತಿತ್ತು, ಆ ದೀಪ ಅವರಿಗೆ ಕಾಣುವಂತಿರಲಿಲ್ಲ. ಆದ್ದರಿಂದ ಲಭ್ಯ ಜಾಲಗಳ ಪಟ್ಟಿ ಇದ್ದಕ್ಕಿದ್ದಂತೆ ಖಾಲಿಯಾದರೆ ಬೇರೇನನ್ನೂ ಮುಟ್ಟುವ ಮೊದಲು ವಿಂಡೋಸ್-ಎ ಒತ್ತಿ, ಏರ್‌ಪ್ಲೇನ್ ಮೋಡ್ ಗುಂಡಿ ಒತ್ತಿರುವ ಸ್ಥಿತಿಯಲ್ಲಿದೆಯೇ ಎಂದು ಕೇಳಿಸಿಕೊಳ್ಳಿ.

ಮೇಲಿನದೆಲ್ಲ ನೀವಾಗಿ ಹೋಗಿ ಕೇಳುವ ದಾರಿ. ತಾನಾಗಿ ತಿಳಿಸುವಂತೆ ಮಾಡಿಕೊಳ್ಳುವುದು ಹೇಗೆ? ಎನ್‌ವಿಡಿಎಯಲ್ಲಿ ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಿ. ಎನ್‌ವಿಡಿಎ ಕೀಲಿ ಹಿಡಿದು 5 ಒತ್ತಿದರೆ ಬದಲಾಗುವ ಪಠ್ಯವನ್ನು ಓದುವ ಸೌಲಭ್ಯ ಆರುತ್ತದೆ ಅಥವಾ ಹತ್ತುತ್ತದೆ. ಕೈತಪ್ಪಿ ಅದು ಆರಿದ್ದರೆ, ಜಾಲತಾಣ ಎಷ್ಟೇ ಸರಿಯಾಗಿ ಹೇಳಿದರೂ ನಿಮಗೆ ಕೇಳಿಸುವುದಿಲ್ಲ. ಸೆಟ್ಟಿಂಗುಗಳ ವಸ್ತು ನಿರೂಪಣೆಯ ವಿಭಾಗದಲ್ಲಿ ಅಧಿಸೂಚನೆಗಳನ್ನು ಓದುವ ಆಯ್ಕೆಯೂ ಇದೆ, ಅದನ್ನೂ ನೋಡಿ. ಆದರೆ ಇವೆರಡೂ ಸರಿಯಿದ್ದರೂ ಸಾಮಾನ್ಯವಾಗಿ ವೈ-ಫೈ ಕಡಿದ ಮಾತ್ರಕ್ಕೆ ವಿಂಡೋಸ್ ಅಧಿಸೂಚನೆ ಕಳುಹಿಸುವುದಿಲ್ಲ. ಹಾಗಾಗಿ ಕಂಪ್ಯೂಟರ್ ಬಲ್ಲ ಗೆಳೆಯರೊಬ್ಬರ ನೆರವಿನಿಂದ ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಓಡುವ ಒಂದು ಪುಟ್ಟ ಸ್ಕ್ರಿಪ್ಟ್ (ಆದೇಶಗಳ ಕಡತ) ಬರೆಸಿಕೊಳ್ಳಿ ಎಂದು ಸಲಹೆ ಕೊಡುತ್ತೇನೆ. ಅದು 10 ಸೆಕೆಂಡಿಗೊಮ್ಮೆ ಹೊರಗಿನ ವಿಳಾಸವೊಂದಕ್ಕೆ ಪಿಂಗ್, ಅಂದರೆ ‘ಇದ್ದೀಯಾ’ ಎಂದು ಕೇಳುವ ಪುಟ್ಟ ಸಂದೇಶ, ಕಳುಹಿಸಲಿ. ಹಿಂದಿನ ಸಲದ ಉತ್ತರಕ್ಕೂ ಈ ಸಲದ ಉತ್ತರಕ್ಕೂ ವ್ಯತ್ಯಾಸ ಬಂದರೆ ಮಾತ್ರ ಸದ್ದು ಮಾಡಲಿ. ಹೋದಾಗ ಮೇಲಿನ ಸ್ವರದಿಂದ ಕೆಳಗಿಳಿಯುವ ಎರಡು ಬೀಪ್, ಬಂದಾಗ ಕೆಳಗಿನಿಂದ ಮೇಲೇರುವ ಎರಡು ಬೀಪ್. ಮಾತಿಗಿಂತ ಬೀಪ್ ಮೇಲು, ಏಕೆಂದರೆ ಸ್ಕ್ರೀನ್ ರೀಡರ್ ಓದುತ್ತಿರುವ ವಾಕ್ಯವನ್ನು ಅದು ತುಂಡರಿಸುವುದಿಲ್ಲ. ಹತ್ತು ಹದಿನೈದು ಸಾಲಿನ ಕೆಲಸ. ಪ್ರತಿ ಸೆಕೆಂಡೂ ‘ಉತ್ತರ ಬಂತು, ಉತ್ತರ ಬಂತು’ ಎಂದು ಓದಿಸುವ ತಡೆಯಿಲ್ಲದ ಪಿಂಗನ್ನು ಮಾತ್ರ ಹಚ್ಚಿಡಬೇಡಿ. ಒಂದೇ ಗಂಟೆಯಲ್ಲಿ ತಲೆ ಚಿಟ್ಟು ಹಿಡಿಯುತ್ತದೆ, ಮರುದಿನ ಎಚ್ಚರಿಕೆಯ ಸದ್ದೇ ಬೇಡವೆನಿಸುತ್ತದೆ.

ಈಗ ಆ ಕೆಂಪು ಪಟ್ಟಿಯ ವಿಷಯ. ನೀವು ಅರ್ಜಿ ತುಂಬುತ್ತಿದ್ದ ತಾಣಕ್ಕೆ ಸಂಪರ್ಕ ಹೋದದ್ದು ಗೊತ್ತಾಗಿತ್ತು. ಅದಕ್ಕೇ ಪಟ್ಟಿ ತೋರಿಸಿತು. ಆದರೆ ಪಟ್ಟಿ ಪುಟದ ತಲೆಯಲ್ಲಿ ಬಂತು, ನಿಮ್ಮ ಫೋಕಸ್ ತಳದ ಗುಂಡಿಯಲ್ಲಿತ್ತು. ಇಂಥ ಸಂದರ್ಭಕ್ಕೆಂದೇ ಅಂತರರಾಷ್ಟ್ರೀಯ ನಿಯಮವಿದೆ. ಜಾಲತಾಣಗಳ ಪ್ರವೇಶಸಾಧ್ಯತೆಗೆ ಡಬ್ಲ್ಯು3ಸಿ ಸಂಸ್ಥೆ ರೂಪಿಸಿರುವ ಡಬ್ಲ್ಯುಸಿಎಜಿ ಮಾರ್ಗಸೂಚಿಯ 2.1ನೆಯ ಆವೃತ್ತಿ 2018ರ ಜೂನ್‌ನಲ್ಲಿ ಬಂದಾಗ ಅದರಲ್ಲಿ 4.1.3 ಎಂಬ ಹೊಸ ಅಂಶ ಸೇರಿತು. ಸ್ಥಿತಿಯನ್ನು ತಿಳಿಸುವ ಸಂದೇಶ ಯಾವುದೇ ಇರಲಿ, ಫೋಕಸ್ ಅಲ್ಲಿಗೆ ಹೋಗದಿದ್ದರೂ ಸಹಾಯಕ ತಂತ್ರಾಂಶಕ್ಕೆ ಅದು ತಲುಪುವಂತೆ ಗುರುತು ಹಾಕಿರಬೇಕು ಎಂಬುದು ಅದರ ಸಾರ. ಎಎ ಮಟ್ಟದ ಅಂಶ ಅದು. ಪ್ರವೇಶಸಾಧ್ಯತೆಯನ್ನು ಪಾಲಿಸುತ್ತೇವೆ ಎನ್ನುವವರು ಸಾಮಾನ್ಯವಾಗಿ ಒಪ್ಪಿಕೊಳ್ಳುವ ಮಟ್ಟವೂ ಅದೇ. ಬಣ್ಣವೊಂದರಿಂದಲೇ ಸಂಗತಿ ತಿಳಿಸಬಾರದು ಎಂಬ 1.4.1 ಅದಕ್ಕೂ ಹಳೆಯದು.

ಅದನ್ನು ಪಾಲಿಸುವುದು ಕಷ್ಟವೂ ಅಲ್ಲ. ಪುಟ ತೆರೆದಾಗಲೇ ಒಂದು ಖಾಲಿ ಪೆಟ್ಟಿಗೆಯನ್ನು ಇಟ್ಟು, ಅದಕ್ಕೆ ‘ಸ್ಟೇಟಸ್’ ಎಂಬ ರೋಲ್ (ಅದು ಯಾವ ಬಗೆಯದೆಂದು ಸ್ಕ್ರೀನ್ ರೀಡರ್‌ಗೆ ಹೇಳುವ ಗುರುತು) ಕೊಟ್ಟು, ಸಂಪರ್ಕ ತಪ್ಪಿದಾಗ ಅದರೊಳಗೆ ಒಂದು ವಾಕ್ಯ ಬರೆದರೆ ಸ್ಕ್ರೀನ್ ರೀಡರ್ ತನ್ನ ಮಾತು ಮುಗಿಸಿ ಆ ವಾಕ್ಯವನ್ನು ಓದುತ್ತದೆ. ಬಹಳಷ್ಟು ತಂತ್ರಾಂಶಕಾರರು ಎಡವುವುದು ‘ಪುಟ ತೆರೆದಾಗಲೇ’ ಎಂಬಲ್ಲಿ. ಪೆಟ್ಟಿಗೆಯನ್ನೂ ವಾಕ್ಯವನ್ನೂ ಒಟ್ಟಿಗೆ ತಂದು ಸೇರಿಸಿದರೆ ಅನೇಕ ಸಲ ಅದು ಓದಿಸಿಕೊಳ್ಳುವುದೇ ಇಲ್ಲ, ಏಕೆಂದರೆ ಇಲ್ಲದ ಪೆಟ್ಟಿಗೆಯ ಮೇಲೆ ಯಾರೂ ಕಣ್ಣಿಟ್ಟಿರುವುದಿಲ್ಲ. ‘ಅಲರ್ಟ್’ ಎಂಬ ಇನ್ನೊಂದು ರೋಲ್ ಇದೆ, ಅದು ಓದುತ್ತಿರುವುದನ್ನು ನಡುವೆಯೇ ತಡೆದು ನುಗ್ಗುತ್ತದೆ. ಉಳಿಸದ ಬರಹ ಹಾಳಾಗುವ ಭಯವಿರುವಾಗ, ನಿಮ್ಮ ಅರ್ಜಿಯಂಥ ಕಡೆ, ಅದು ನ್ಯಾಯವೇ. ಸಂಪರ್ಕ ಮರಳಿ ಬಂತೆಂದು ತಿಳಿಸಲು ನುಗ್ಗಬೇಕಿಲ್ಲ. ಸಿಗ್ನಲ್ ಮೂರು ಗೆರೆಯಿಂದ ಎರಡಕ್ಕೆ ಇಳಿಯಿತೆಂದು ಹೇಳುವ ಅಗತ್ಯವೇ ಇಲ್ಲ. ದುರ್ಬಲ ಜಾಲದಲ್ಲಿ ಅದು ನಿಮಿಷಕ್ಕೆ ಹತ್ತು ಸಲ ಏರಿಳಿಯುತ್ತದೆ, ಹತ್ತು ಸಲವೂ ಮಾತು ತುಂಡಾದರೆ ಕೆಲಸ ಮಾಡುವುದು ಹೇಗೆ?

ಇನ್ನೊಂದು ತಾಂತ್ರಿಕ ಬಲೆಯನ್ನು ತಂತ್ರಾಂಶಕಾರರ ಗಮನಕ್ಕೆ ತರಲೇಬೇಕು. ಸಂಪರ್ಕವಿದೆಯೇ ಎಂದು ಬ್ರೌಸರನ್ನು ಕೇಳಲು ‘ನ್ಯಾವಿಗೇಟರ್ ಆನ್‌ಲೈನ್’ ಎಂಬ ಸಿದ್ಧ ಸೌಲಭ್ಯವಿದೆ. ಅದು ‘ಇಲ್ಲ’ ಎಂದರೆ ನಂಬಬಹುದು; ‘ಇದೆ’ ಎಂದರೆ ರೌಟರಿನವರೆಗೆ ಮಾತ್ರ ಇದೆ ಎಂದಾಗಿರಬಹುದು. ಅದನ್ನೇ ನೆಚ್ಚಿಕೊಂಡ ತಾಣ ಮೂರನೆಯ ಮೆಟ್ಟಿಲು ಮುರಿದಾಗ ಕೆಂಪು ಪಟ್ಟಿಯನ್ನೂ ತೋರಿಸುವುದಿಲ್ಲ. ಕಳುಹಿಸಿದ ಕೋರಿಕೆಗೆ ಉತ್ತರ ಬರದಿದ್ದುದನ್ನೇ ಆಧಾರವಾಗಿಟ್ಟುಕೊಂಡು, ಕೆಲವು ಸೆಕೆಂಡು ಕಾದು, ಆಮೇಲೆ ಹೇಳುವುದು ಸರಿಯಾದ ಕ್ರಮ.

ಪರದೆಯ ಪಠ್ಯವನ್ನು ಬೆರಳಿಗೆ ತಾಗುವ ಚುಕ್ಕೆಗಳಾಗಿ ತೋರಿಸುವ ಬ್ರೈಲ್ ಪ್ರದರ್ಶಕವನ್ನೇ ಅವಲಂಬಿಸಿದ, ಕಿವಿಯೂ ಕೇಳದ ಬಳಕೆದಾರರನ್ನು ಈ ಲೆಕ್ಕದಲ್ಲಿ ಸೇರಿಸಿಕೊಳ್ಳುವವರು ತೀರಾ ಕಡಿಮೆ. ಎನ್‌ವಿಡಿಎಯಲ್ಲಿ ಇಂಥ ಸಂದೇಶವೊಂದು ಬ್ರೈಲ್ ಸಾಲಿನ ಮೇಲೆ ನಿಲ್ಲುವುದು ಪೂರ್ವನಿಯೋಜಿತವಾಗಿ 4 ಸೆಕೆಂಡು. ಆ ಹೊತ್ತಿಗೆ ಅವರ ಬೆರಳುಗಳು ಕೀಲಿಮಣೆಯ ಮೇಲಿದ್ದರೆ ಸಂದೇಶ ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಕೇಳಿಸುವವರಿಗೂ ಆಡಿದ ಮಾತು ಗಾಳಿಗೆ ಹೋಗುತ್ತದೆ. ಆದ್ದರಿಂದ ಘೋಷಣೆಯ ಜೊತೆಗೆ, ‘ಸಲ್ಲಿಸು’ ಗುಂಡಿಯ ಪಕ್ಕದಲ್ಲೇ ಸಂಪರ್ಕದ ಸ್ಥಿತಿ ಅಕ್ಷರದಲ್ಲಿ ನಿಂತಿರಬೇಕು, ಬೇಕೆಂದಾಗ ಹಿಂದಿರುಗಿ ಓದುವಂತಿರಬೇಕು.

ತಾಣದವರಿಗೆ ಬರೆಯುವಾಗ ‘ನಿಮ್ಮ ತಾಣ ಸರಿಯಿಲ್ಲ’ ಎಂದು ಬರೆಯಬೇಡಿ. ಅಂಥ ಪತ್ರಕ್ಕೆ ಔಪಚಾರಿಕ ಉತ್ತರವಷ್ಟೇ ಬರುತ್ತದೆ. ಹೀಗೆ ಬರೆಯಿರಿ: ‘ವಿಂಡೋಸ್ 11, ಎನ್‌ವಿಡಿಎ ಇಂಥ ಆವೃತ್ತಿ, ಇಂಥ ಬ್ರೌಸರ್. ಅರ್ಜಿಯ ಪುಟ ತೆರೆದಿದ್ದಾಗ ವೈ-ಫೈ ಆರಿಸಿ ‘ಸಲ್ಲಿಸು’ ಒತ್ತಿದೆ. ಪುಟದ ಮೇಲ್ಭಾಗದಲ್ಲಿ ಕೆಂಪು ಪಟ್ಟಿ ಕಾಣಿಸುತ್ತದೆ ಎಂದು ನೋಡಿದವರು ಹೇಳುತ್ತಾರೆ. ಸ್ಕ್ರೀನ್ ರೀಡರ್‌ನಲ್ಲಿ ಏನೂ ಕೇಳಿಸುವುದಿಲ್ಲ. ಇದು ಡಬ್ಲ್ಯುಸಿಎಜಿ 2.1ರ 4.1.3 ಅಂಶಕ್ಕೆ ಸಂಬಂಧಿಸಿದ್ದು. ತುಂಬಿದ ಮಾಹಿತಿ ಕಳೆದುಹೋಗಬಾರದೆಂದೂ ಕೋರುತ್ತೇನೆ.’ ಪುಟ ತೆರೆದು ವೈ-ಫೈ ಆರಿಸಿ ನೋಡುವುದಕ್ಕೆ ಅವರಿಗೆ ಎರಡು ನಿಮಿಷ ಸಾಕು. ದೋಷವನ್ನು ಕಣ್ಣಾರೆ ಕಾಣಬಲ್ಲವರಿಗೆ ಅದನ್ನು ತಿದ್ದುವ ದಾರಿಯೂ ಕಾಣುತ್ತದೆ. ಸರಿಪಡಿಸಿದೆವು ಎಂದು ಅವರು ತಿಳಿಸಿದ ದಿನ ನೀವೇ ವೈ-ಫೈ ಆರಿಸಿ ಪರೀಕ್ಷಿಸಿ, ಬಳಿಕ ರೌಟರಿಗೆ ಹೊರಗಿನಿಂದ ಬರುವ ತಂತಿಯನ್ನು ತಂಗಿಯಿಂದ ಬಿಚ್ಚಿಸಿ ಇನ್ನೊಮ್ಮೆ ಪರೀಕ್ಷಿಸಿ. ಎರಡನೆಯ ಸಲವೂ ವಾಕ್ಯ ಕೇಳಿಸಿದರೆ ಕೆಲಸ ಪೂರ್ತಿಯಾಗಿದೆ ಎಂದು ತಿಳಿಯಿರಿ.